ಚಂದಪ್ಪನ ಉಡದಾರ

ಲೋಕ ಆಗ ಹೊಚ್ಚ ಹೊಸದು. ಗುಡ್ಡಗಳ ಮೈ ಇನ್ನೂ ಬೆಚ್ಚಗಿತ್ತು. ನದಿಗಳಿಗೆ ಸಮುದ್ರದ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿದ್ದವು. ಮರ ಮಾತಾಡಿದರೆ ಗಾಳಿ ಉತ್ತರ ಕೊಡುತ್ತಿತ್ತು, ಮನುಷ್ಯರು ನಡುವೆ ಬಾಯಿ ಹಾಕುತ್ತಿದ್ದರು.

ಆಗ ಚಂದಪ್ಪ ದಿನಾ ದುಂಡಗಿರುತ್ತಿದ್ದ. ಇವತ್ತು ಅರ್ಧ, ನಾಳೆ ಕಾಲು ಎಂಬುದೇ ಇರಲಿಲ್ಲ. ಮೈತುಂಬ ಬಿಳಿ ಬಟ್ಟೆ ಸುತ್ತಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ಗತ್ತಿನಿಂದ ಬರುತ್ತಿದ್ದ. ಇಡೀ ಲೋಕದಲ್ಲಿ ಬಿಳಿ ಎಂದರೆ ಅವನ ಬಟ್ಟೆ ಒಂದೇ.

ಒಂದು ರಾತ್ರಿ ಮಲ್ಲಿಗೆ ತಲೆ ಎತ್ತಿ ಕೂಗಿತು.

"ಚಂದಪ್ಪಾ, ನನಗ ವಾಸನಿ ಐತಿ, ಬಣ್ಣ ಇಲ್ಲ. ಕತ್ತಲದಾಗ ನನ್ನ ಯಾರೂ ನೋಡಂಗಿಲ್ಲ."

"ಅಷ್ಟ ಏನು? ತಗೊ," ಎಂದ ಚಂದಪ್ಪ. ಮೈಮೇಲಿನ ಬಟ್ಟೆಯಿಂದ ಎಳೆ ಎಳೆದು ಕೊಟ್ಟ. ಮಲ್ಲಿಗೆ ಬೆಳ್ಳಗಾಯಿತು.

ಮರುದಿನ ಬೆಳ್ಳಕ್ಕಿ ಬಂತು. ಆಗ ಅದು ಬರೀ ಹಕ್ಕಿ, ಮಣ್ಣಿನ ಬಣ್ಣದ್ದು. "ಅಷ್ಟ ಏನು? ತಗೊ," ಎಂದ. ಅದರ ಮರುದಿನ ಹಾಲು ಬಂತು, ಆಮೇಲೆ ನದಿಯ ನೊರೆ, ಕುರಿಮರಿ, ತುಂಬೆ ಹೂವು, ಶಂಖ. ಎಲ್ಲರಿಗೂ ಒಂದೇ ಮಾತು. "ಅಷ್ಟ ಏನು? ತಗೊ." ಕೇಳಿದವರಿಗೆ ಇಲ್ಲ ಎನ್ನಲಿಲ್ಲ ಎಂದು ಅವನಿಗೆ ಎಲ್ಲಿಲ್ಲದ ಹೆಮ್ಮೆ. ಇತ್ತ ಬಟ್ಟೆ ದಿನದಿನಕ್ಕೆ ಸವೆಯುತ್ತ ಬಂತು.

ಹದಿನಾಲ್ಕನೆಯ ರಾತ್ರಿ ಅವನ ಮೈಮೇಲೆ ಉಳಿದದ್ದು ಉಡದಾರ ಮಾತ್ರ. ಉಡದಾರ ಗೊತ್ತಲ್ಲ, ಕೂಸೇ? ನೀನು ಹುಟ್ಟಿದಾಗ ನಿನ್ನ ಸೊಂಟಕ್ಕೆ ನಾನೇ ಕಟ್ಟಿದ ನೂಲು. ಅದೊಂದು ಇದ್ದರೆ ಕೂಸು ಬತ್ತಲೆ ಅಲ್ಲ. ಅದೂ ಇಲ್ಲದಿದ್ದರೆ ಮಾತ್ರ ಪೂರಾ ಬತ್ತಲೆ.

ಆ ರಾತ್ರಿ ಹತ್ತಿ ಗಿಡ ಬಂತು. ಬಂದರೂ ದೂರವೇ ನಿಂತಿತು, ನಾಚಿಕೆಯ ಗಿಡ ಅದು.

"ಚಂದಪ್ಪಾ, ನನ್ನ ಕಾಯಿ ಒಡದರ ಒಳಗ ಏನೂ ಇರಂಗಿಲ್ಲ. ಎಲ್ಲಾರೂ ನಗತಾರ."

ಚಂದಪ್ಪ ತನ್ನ ಸೊಂಟ ನೋಡಿಕೊಂಡ. ಆಮೇಲೆ ಉಡದಾರ ಬಿಚ್ಚಿದ. "ಅಷ್ಟ ಏನು? ತಗೊ," ಎಂದ. ಆದರೆ ಈ ಸಲ ದನಿ ಸಣ್ಣಗಿತ್ತು.

ಮರುದಿನ ಅಮಾವಾಸ್ಯೆ. ಚಂದಪ್ಪ ಬರಲಿಲ್ಲ.

ಗಾಳಿ ಹುಡುಕಿಕೊಂಡು ಹೋಯಿತು. ಪಡುವಣದ ಕೆಂಪುಕಲ್ಲಿನ ಗುಡ್ಡದ ಹಿಂದೆ ಅವನು ಮುದುಡಿ ಕೂತಿದ್ದ.

"ಹತ್ತರ ಬರಬ್ಯಾಡ! ನನ್ನ ಮೈಮ್ಯಾಲ ನೂಲಿನ ಎಳಿ ಸೈತ ಇಲ್ಲ. ಇನ್ನ ನಾ ಹೊರಗ ಬರಂಗಿಲ್ಲ. ಎಂದೆಂದೂ ಬರಂಗಿಲ್ಲ."

ಗಾಳಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಊರೂರಿಗೆ ಹೇಳಿಕೊಂಡು ಬಂತು. ಕೇಳಿದವರೆಲ್ಲ ತಲೆ ತಗ್ಗಿಸಿದರು. ಮಲ್ಲಿಗೆ ಬೆಳ್ಳಗಾಗಿಯೂ ಏನು ಬಂತು? ಆ ಕತ್ತಲಲ್ಲಿ ಅದು ಯಾರಿಗೂ ಕಾಣಲಿಲ್ಲ. ಬೆಳ್ಳಕ್ಕಿಯ ರೆಕ್ಕೆ ಬೆಳ್ಳಕ್ಕಿಗೇ ಕಾಣಲಿಲ್ಲ.

ಅದರ ಮರುದಿನ ಪಾಡ್ಯ. ಸೂರ್ಯ ಮುಳುಗುವ ಮುಂಚೆ ತನ್ನ ಕೆಂಪು ಶಾಲು ಗುಡ್ಡದ ಹಿಂದಕ್ಕೆ ಎಸೆದ. "ಮಂದಿ ಹೊತ್ತು ಬಿಟ್ಟ ಅರಿವಿ ನನಗ ಬ್ಯಾಡ," ಎಂದು ಚಂದಪ್ಪ ತಿರುಗಿ ಎಸೆದ. ಮೋಡ ತನ್ನ ಕರಿ ಕಂಬಳಿ ತಂದಿತು. "ಇದನ್ನ ಹೊತ್ತರ ನಾ ಕಾಣೋದ ಹ್ಯಾಂಗ?" ಎಂದ. "ನಾ ಕೊಡಾಂವ. ಬೇಡಾಂವ ಅಲ್ಲ," ಎಂದು ಮತ್ತೆ ಮುಖ ತಿರುಗಿಸಿದ. ಬತ್ತಲಾದರೂ ಬಿಂಕ ಬಿಟ್ಟಿರಲಿಲ್ಲ ನೋಡು.

ಆ ಗುಡ್ಡದ ಕೆಳಗೆ ಸಂಕವ್ವ ಎಂಬ ನೇಕಾರಳಿದ್ದಳು. ನಮ್ಮವಳೇ. ಲೋಕದ ಮೊದಲ ಮಗ್ಗ ಅವಳದು. ಅವಳ ಬಿಂಕವೂ ಕಡಿಮೆಯದಲ್ಲ. ಓಣಿಯ ಹೆಂಗಸರು ನಾರಿನಲ್ಲಿ, ಉಣ್ಣೆಯಲ್ಲಿ ಏನೇ ನೇಯಲಿ, ಬೆಳಕಿಗೆ ಹಿಡಿದು ನೋಡಿ, "ಇಲ್ಲೊಂದು ಎಳಿ ತಪ್ಪೇತಿ ನೋಡ," ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಅವಳ ನೇಯ್ಗೆಯಲ್ಲಿ ತಪ್ಪು ಹುಡುಕಲು ಓಣಿಯೇ ಕಾಯುತ್ತಿತ್ತು. ಯಾರಿಗೂ ಸಿಕ್ಕಿರಲಿಲ್ಲ.

ಅಮಾವಾಸ್ಯೆಯ ದಿನ ಅವಳ ಹಿತ್ತಲಿನ ಹತ್ತಿ ಗಿಡ ಮೊದಲ ಸಲ ಬೆಳ್ಳಗೆ ಅರಳಿತ್ತು. ಅವಳು ಅದನ್ನು ಬಿಡಿಸಿ, ನೂತು, ಪಾಡ್ಯದ ದಿನ ಒಂದೇ ಹಗಲಲ್ಲಿ ಸೀರೆ ನೇಯ್ದಳು. ಒಂದು ದಿನಕ್ಕೆ ಸೀರೆ ಆಗುತ್ತದೇನಜ್ಜಿ ಎಂದು ಕೇಳಬೇಡ. ಲೋಕ ಹೊಸದಾಗಿತ್ತು ಎಂದು ಆಗಲೇ ಹೇಳಿದ್ದೇನೆ. ಅದೂ ಅಲ್ಲದೆ, ನಮ್ಮವರ ಕೈ ಎಂದರೆ ಸುಮ್ಮನೆಯೇ?

ಬಿದಿಗೆಯ ಸಂಜೆ ಸಂಕವ್ವ ಆ ಬಿಳಿ ಸೀರೆ ಉಟ್ಟು ಓಣಿಗೆ ತೋರಿಸಲು ಹೊರಟಳು. ಹಿತ್ತಲಿನಲ್ಲಿ ಹತ್ತಿ ಗಿಡ ಅಳುತ್ತ ನಿಂತಿತ್ತು.

"ಯಾಕ ಅಳತಿ?"

"ಸಂಕವ್ವಾ, ಚಂದಪ್ಪನ ಉಡದಾರ ಇಸಗೊಂಡಾಕಿ ನಾನ. ಅದ ನನ್ನ ಕಾಯ್ಯಾಗ ಹತ್ತಿ ಆತು. ಈಗ ನಿನ್ನ ಮೈಮ್ಯಾಲ ಸೀರಿ ಆಗೇತಿ. ಅಂವ ಅಲ್ಲಿ ಬತ್ತಲ ಕುಂತಾನ."

ಸಂಕವ್ವನಿಗೆ ಚುರುಕ್ ಎಂದಿತು. ಓಣಿಗೆ ಹೋಗಲಿಲ್ಲ. ಮನೆಯೊಳಗೆ ಹೋಗಿ, ನೇಯ್ದು ಮಿಕ್ಕಿದ್ದ ನೂಲಿನ ಉಂಡೆ ತೆಗೆದುಕೊಂಡು ಗುಡ್ಡ ಹತ್ತಿದಳು. ಸೂರ್ಯ ಆಗಷ್ಟೇ ಮುಳುಗಿದ್ದ.

"ಏ ಚಂದಪ್ಪಾ! ನೂಲ ತಂದೀನಿ. ಉಟಗೊಂಡು ಹೊರಗ ಬಾ."

ಬಂಡೆಯ ಹಿಂದಿನಿಂದ ಚಂದಪ್ಪ ಒಂದೇ ಕಣ್ಣಲ್ಲಿ ಇಣುಕಿದ. "ಅದು ಮಿಕ್ಕಿದ್ದ ನೂಲ, ಹೌದಲ್ಲ ಯವ್ವಾ?"

"ಮಿಕ್ಕಿದ್ದಾದರೇನು? ನೂಲಂತೂ ನೂಲ."

"ನಾ ಯಾರಿಗೂ ಮಿಕ್ಕಿದ್ದ ಕೊಡಲಿಲ್ಲ. ಮೈಮ್ಯಾಲಿಂದ ಎಳದ ಕೊಟ್ಟೀನಿ. ಮಿಕ್ಕಿದ್ದ ಉಟಗೊಂಡು ಮಂದಿ ಮುಂದ ನಿಂದರಂಗಿಲ್ಲ."

ಸಂಕವ್ವ ತನ್ನ ಸೀರೆ ನೋಡಿಕೊಂಡಳು. ಒಂದು ಎಳೆ ತಪ್ಪಿರಲಿಲ್ಲ, ಒಂದು ಗಂಟು ಮೇಲೆದ್ದಿರಲಿಲ್ಲ. ಓಣಿಯವರಿಗೆ ಇನ್ನೂ ತೋರಿಸಿಯೇ ಇರಲಿಲ್ಲ. ಇದರಿಂದ ಒಂದು ಎಳೆ ಎಳೆದರೆ ಸೆರಗಿನ ಉದ್ದಕ್ಕೂ ಗೆರೆ ಬೀಳುತ್ತದೆ. ನಾಳೆ ಎಲ್ಲರೂ ಅದರ ಮೇಲೆಯೇ ಬೆರಳಿಡುತ್ತಾರೆ. ನಿಜ ಹೇಳುತ್ತೇನೆ, ಅವಳಿಗೆ ಅಳು ಬಂತು.

ಆದರೆ ಕೆಳಗೆ ಊರು ಕತ್ತಲಾಗುತ್ತಿತ್ತು. ಅವಳು ಸೆರಗಿನ ಅಂಚು ಹಿಡಿದು, ಉಗುರಿನಿಂದ ಒಂದು ಎಳೆ ಬಿಡಿಸಿ, ಸರ್‍ರನೆ ಎಳೆದಳು.

"ತಗೊ. ಇದು ದಾನ ಅಲ್ಲ. ಹತ್ತಿಗೆ ಕೊಟ್ಟಿದ್ದಿಯಲ್ಲ, ಅದ ಉಡದಾರ. ನಿಂದು ನಿನಗ."

ಚಂದಪ್ಪ ಎಳೆ ಮುಟ್ಟಿ ನೋಡಿದ. ತನ್ನದೇ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ಅವನ ಕಣ್ಣು ತುಂಬಿತು.

"ಆದರ ಯವ್ವಾ, ಒಂದ ಎಳ್ಯಾಗ ಹೊರಗ ಹ್ಯಾಂಗ ಬರಲಿ?"

"ಉಡದಾರ ಕಟ್ಟಿದ ಕೂಸನ್ನ ಯಾರರೆ ಬತ್ತಲ ಅಂತಾರೇನು? ಕಟಗೊಂಡು ಬಾ. ನಾ ಇಲ್ಲೇ ನಿಂತೀನಿ."

ಚಂದಪ್ಪ ಎಳೆಯನ್ನು ಸೊಂಟಕ್ಕೆ ಸುತ್ತಿದ. ಎರಡು ತುದಿಯೂ ಮೇಲಕ್ಕೆ ಎದ್ದು ನಿಂತವು. ಮೆಲ್ಲಗೆ ಬಂಡೆಯ ಹಿಂದಿನಿಂದ ಎದ್ದು ಬಂದ. ಸಂಕವ್ವ ಕೈ ಮುಗಿದು ನಿಂತಳು. ಕೆಳಗೆ ಊರಿಗೆ ಊರೇ ಹೊರಗೆ ಬಂದು ಪಡುವಣಕ್ಕೆ ಮುಖ ಮಾಡಿ ಕೈ ಮುಗಿಯಿತು. ಒಬ್ಬರೂ ನಗಲಿಲ್ಲ. ಆದರೂ ಅವನಿಗೆ ನಾಚಿಕೆ ಪೂರಾ ಹೋಗಿರಲಿಲ್ಲ, ಹೀಗೆ ಬಂದು ಹಾಗೆ ಇಳಿದುಬಿಟ್ಟ.

ಸಂಕವ್ವ ಗುಡ್ಡ ಇಳಿದು ಬರುವುದನ್ನೇ ಓಣಿಯ ಹೆಂಗಸರು ಕಾಯುತ್ತಿದ್ದರು. ಕಂದೀಲಿನ ಕಾಲವಲ್ಲ ಅದು, ಸೊಡರು ಹಿಡಿದು ಸೆರಗು ನೋಡಿದರು. ನೋಡಿದವರಿಗೆ ಖುಷಿಯೋ ಖುಷಿ.

"ಸಂಕವ್ವಾ! ನಿನ್ನ ಸೀರ್‍ಯಾಗೂ ಎಳಿ ತಪ್ಪೇತಲ್ಲೇ!"

ಸಂಕವ್ವ ಸೆರಗು ಮುಚ್ಚಿಕೊಳ್ಳಲಿಲ್ಲ. ಎಲ್ಲರಿಗೂ ಕಾಣುವಂತೆ ಅದನ್ನು ಹೆಗಲ ಮೇಲೆ ಹರವಿಕೊಂಡಳು.

"ತಪ್ಪಿಲ್ಲ. ಈಗ ಮ್ಯಾಲ ನೋಡಿದಿರಲ್ಲ, ಅಲ್ಲಿ ಐತಿ ಅದು."

ಮರುದಿನ ಮಲ್ಲಿಗೆ ತನ್ನ ಎಳೆಯನ್ನು ತಿರುಗಿ ಕೊಟ್ಟಿತು. ಆಮೇಲೆ ಬೆಳ್ಳಕ್ಕಿ, ಹಾಲು, ನೊರೆ, ಒಬ್ಬೊಬ್ಬರಾಗಿ ಕೊಡುತ್ತ ಬಂದರು. ಬಿಳುಪು ಅವರಲ್ಲೂ ಉಳಿಯಿತು, ಚಂದಪ್ಪನಿಗೂ ಬಂತು. ಹುಣ್ಣಿಮೆಗೆ ಅವನು ಮತ್ತೆ ದುಂಡಗಾದ. ದುಂಡಗಾದವನು ಸುಮ್ಮನಿದ್ದನೇ? ಮರುದಿನದಿಂದಲೇ ಮತ್ತೆ, "ಅಷ್ಟ ಏನು? ತಗೊ," ಎಂದು ಹಂಚತೊಡಗಿದ. ಆ ಚಾಳಿ ಅವನು ಬಿಡಲಿಲ್ಲ. ಬಿಡುವುದೂ ಬೇಡ. ಬಿದಿಗೆಯ ದಿನ ಒಂದು ಎಳೆ ಎಳೆದು ಕೊಡಲು ಕೆಳಗೆ ನಾವಿದ್ದೇವೆ.

ನನ್ನ ಸೆರಗಿನ ಅಂಚು ನೋಡು, ಕೂಸೇ. ಎಷ್ಟು ಎಳೆ ಇಲ್ಲ ಎಂದು ಎಣಿಸಲು ಆಗುವುದಿಲ್ಲ. ನನ್ನ ಅವ್ವನ ಸೆರಗೂ ಹೀಗೇ ಇತ್ತು. ಬಾ, ಇವತ್ತು ಬಿದಿಗೆ, ನಿನ್ನ ಅಂಗಿಯ ತುದಿಯಿಂದ ಒಂದು ಎಳೆ ಎಳೆದು ಅವನ ಕಡೆ ಹಿಡಿ, "ನಿಂದು ನಿನಗ" ಎನ್ನು. ಕಣ್ಣು ಕಿರಿದು ಮಾಡಿ ನೋಡಿದರೆ ಅವನ ದುಂಡು ಹೊಟ್ಟೆಯೂ ಮಸುಕಾಗಿ ಕಾಣುತ್ತದೆ. ಬೇಗ ನೋಡು, ಇಳಿದುಬಿಡುತ್ತಾನೆ. ಹೊತ್ತು ಮುಳುಗಿದ ಜಾಗದ ತುಸು ಮೇಲೆ, ಎರಡು ತುದಿ ಎತ್ತಿಕೊಂಡು ನಿಂತಿರುವ ಆ ಸಣ್ಣ ಬಿಳಿ ಗೆರೆ ಇದೆಯಲ್ಲ, ಅದು ನಮ್ಮ ಸಂಕವ್ವನ ಸೀರೆಯ ಎಳೆ.