ಹೊಳೆ ದಾಟಿದ ತೊಟ್ಟಿಲು

"ಗುರುಗಳೇ, ನಾನು ಕುಡಿಯುವುದು ನಿಜ. ಆದರೆ ಕುಡಿದು ಯಾರನ್ನೂ ಬೈದವನಲ್ಲ, ಬೀದಿಯಲ್ಲಿ ಬಿದ್ದವನಲ್ಲ. ಕೈಗೆತ್ತಿಕೊಂಡ ಕೆಲಸ ಒಂದು ದಿನವೂ ಕೆಟ್ಟಿಲ್ಲ. ನನ್ನ ಕುಡಿತದಿಂದ ಯಾರಿಗೇನು ನಷ್ಟ?" ಎಂದು ಶಿಷ್ಯ ನೀಲಪ್ಪ ಕೇಳಿದ. ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಹಿಂದೆ ಕೂತಿದ್ದಳು. ಕೂಸಿಗೆ ಆಶೀರ್ವಾದ ಬೇಡಲು ಇಬ್ಬರೂ ಬಂದಿದ್ದರು.

"ಭಲೇ! ಕೆಲಸ ಕೆಡದ ಇನ್ನೊಬ್ಬ ಕುಡುಕನಿದ್ದ. ಅವನ ಕತೆ ಕೇಳು ಮಹಾರಾಯ" ಎಂದು ಗುರುಗಳು ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ನಡೆಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಊರಿನಲ್ಲಿ ಒಂದು ಪದ್ಧತಿ. ಕೂಸು ಮೊದಲ ಸಲ ಹೊಳೆ ದಾಟುವಾಗ ತಾಯಿ ಅದನ್ನು ಅಂಬಿಗನ ಕೈಗೆ ಕೊಡಬೇಕು. ಅವನು ಅದರ ಹಣೆಗೆ ಹೊಳೆಯ ನೀರು ಮುಟ್ಟಿಸಿ, ತಾನೇ ಎತ್ತಿ ಹರಿಗೋಲಿಗೆ ಹತ್ತಿಸಬೇಕು. ಊರಿನ ಎಷ್ಟೋ ಮಕ್ಕಳು ಅವನ ಕೈಯಿಂದ ಹಾಗೆ ದಾಟಿದ್ದವು.

ನಡುವೆ ಅವನಿಗೆ ಕುಡಿತ ಅಂಟಿಕೊಂಡಿತು. ಮೊದಮೊದಲು ಸಂಜೆ ದಣಿವಿಗೆಂದು ಕುಡಿದ. ಬರಬರುತ್ತಾ ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗತೊಡಗಿತು. ನಡುಕ ನಿಲ್ಲಲೆಂದು ಬೆಳಿಗ್ಗೆಯೂ ಕುಡಿದ. ವಾಸನೆ ಬಾರದಿರಲೆಂದು ಎಲೆಯಡಿಕೆಗೆ ಲವಂಗ ಸೇರಿಸಿ ಜಗಿಯುತ್ತಿದ್ದ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ, ಪಾಪ! ಜನ ಮಾತ್ರ ಮಕ್ಕಳನ್ನು ಕರೆತಂದಾಗ "ಇವತ್ತು ನೀರು ಜಾಸ್ತಿ ಇದೆ" ಎಂದು ಹೇಳಿ, ಸೇತುವೆಯ ಸುತ್ತುದಾರಿ ಹಿಡಿಯುತ್ತಿದ್ದರು. ಎಂಥಾ ಪುಕ್ಕಲರು ಎಂದು ಇವನು ನಗುತ್ತಿದ್ದ.

ಅವನ ಮಗಳು ಹೆರಿಗೆಗೆ ತವರಿಗೆ ಬಂದಳು. ಬಾಣಂತನ ಮುಗಿಯಿತು. ಅವಳು ಕೂಸಿನೊಂದಿಗೆ ಆಚೆ ದಡದ ಗಂಡನ ಮನೆಗೆ ಹೊರಡುವ ದಿನ ಅಂಬಿಗ ಹರಿಗೋಲಿಗೆ ಹೂವು ಕಟ್ಟಿದ. ಮೊಮ್ಮಗುವಿಗಾಗಿ ಎರಡೂ ಕೈ ಚಾಚಿ ನಿಂತ. ಮಗಳು ಕೊಡಲಿಲ್ಲ.

"ನಾನೂ ಅಮ್ಮನೂ ಸೇತುವೆ ಮೇಲೆ ಹೋಗ್ತೀವಪ್ಪ."

"ಎಲೆಲೆ! ನನ್ನ ಹರಿಗೋಲು ಒಂದು ದಿನವಾದರೂ ಮಗುಚಿದ್ದುಂಟೇನೇ?"

"ಇಲ್ಲಪ್ಪ. ನಾನೊಬ್ಬಳೇ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದೆ. ಬೆಳಿಗ್ಗೆ ನಿನ್ನ ಕೈಯಲ್ಲಿ ನೀರಿನ ಲೋಟ ನಿಲ್ಲೋದಿಲ್ಲ, ನೋಡಿದೀನಿ. ಕೂಸನ್ನು ಹೇಗೆ ಕೊಡಲಿ?" ಎಂದು ಮಗಳು ಅತ್ತಳು.

ಕೂಸಿನ ತೊಟ್ಟಿಲನ್ನಾದರೂ ದಾಟಿಸಲು ಕೊಡು ಎಂದು ಅವನು ಬೇಡಿದ. ಕೊಟ್ಟಳು.

ಅಂಬಿಗ ಹೊಳೆ ದಾಟಿದ. ಹರಿಗೋಲು ಎಲ್ಲಿಯೂ ವಾಲಲಿಲ್ಲ. ತೊಟ್ಟಿಲಿಗೆ ಒಂದು ಹನಿ ನೀರೂ ತಾಗಲಿಲ್ಲ. ಆಚೆ ದಡದಲ್ಲಿ ಬೀಗರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ತೊಟ್ಟಿಲಿನೊಳಗೆ ಬಗ್ಗಿ ನೋಡಿ, ಕೂಸೆಲ್ಲಿ ಎಂದು ಕೇಳಿದರು. ನೀರು ಜಾಸ್ತಿ ಇತ್ತು ಎಂದು ಅಂಬಿಗ ನಾಚಿಕೆಯಿಂದ ಹೇಳಿದ. ಊರಿನವರು ಇಷ್ಟು ಕಾಲ ತನಗೆ ಹೇಳುತ್ತಿದ್ದದ್ದು ಇದೇ ಸುಳ್ಳು ಎಂದು ಅವನಿಗೆ ಆಗ ಅರ್ಥವಾಯಿತು.

ಗುರುಗಳು ಕತೆ ನಿಲ್ಲಿಸಿದರು. ನೀಲಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಅವನ ಹೆಂಡತಿಯ ಕಡೆ ತಿರುಗಿದರು.

"ತಾಯೀ, ಕೂಸನ್ನು ಒಮ್ಮೆ ನಿನ್ನ ಗಂಡನ ಕೈಗೆ ಕೊಡು."

ಅವಳು ಕೂಸನ್ನು ಎದೆಗೆ ಅವುಚಿಕೊಂಡು ತಲೆ ತಗ್ಗಿಸಿದಳು.