ಬಾಗಿಲ ಮೇಲಿನ ಮಸಿ

"ಗುರುಗಳೇ, ಇನ್ನೂ ವಿಚಾರಣೆಯೇ ನಡೆಯದವನನ್ನು ತಪ್ಪಿತಸ್ಥ ಎಂದು ಕರೆಯುವುದು ಯಾವ ನ್ಯಾಯ?"

ಕೇಳಿದವನು ಚನ್ನವೀರ. ಕೋರ್ಟಿನ ಕಾಗದಗಳನ್ನು ಕನ್ನಡಕ್ಕೆ ತರುವುದು ಅವನ ಕೆಲಸ. ರಜೆ ಸಿಕ್ಕಾಗ ಮಠಕ್ಕೆ ಬಂದು ಪಾಠ ಕೇಳುತ್ತಿದ್ದ. ಇಂಗ್ಲೆಂಡಿನ ಹಳೆಯ ಮೊಕದ್ದಮೆಯೊಂದನ್ನು ಓದುವಾಗ ಅವನು ಒಂದು ಕಡೆ ಸಿಕ್ಕಿಬಿದ್ದಿದ್ದ. ಕಟಕಟೆಯಲ್ಲಿ ನಿಂತವನು ತಪ್ಪು ತನ್ನದಲ್ಲ ಎಂದ ಕೂಡಲೇ ಗುಮಾಸ್ತ ಅವನನ್ನು 'ಕಲ್ಪ್ರಿಟ್' ಎಂದು ಕರೆದು, ನಿನ್ನ ವಿಚಾರಣೆ ಹೇಗೆ ನಡೆಯಬೇಕು ಎಂದು ಕೇಳುತ್ತಾನೆ. ಕಲ್ಪ್ರಿಟ್ ಎಂದರೆ ತಪ್ಪು ಮಾಡಿದವನು ಎಂದೇ ಚನ್ನವೀರ ಕಲಿತಿದ್ದ.

ಗುರುಗಳು ಪೂರ್ವಾಶ್ರಮದಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಅವರು ನಕ್ಕರು.

"ಆ ಮಾತು ಹುಟ್ಟಿದಾಗ ಅದು ಯಾರ ಹೆಸರೂ ಆಗಿರಲಿಲ್ಲ. ಅಲ್ಲಿಯ ಕೋರ್ಟುಗಳಲ್ಲಿ ಆಗ ಫ್ರೆಂಚ್ ನಡೆಯುತ್ತಿತ್ತು. ಕೈದಿ ತಪ್ಪು ನನ್ನದಲ್ಲ ಎಂದರೆ, ದೊರೆಯ ಪರವಾಗಿ ಗುಮಾಸ್ತ ಉತ್ತರ ಕೊಡುತ್ತಿದ್ದ: ತಪ್ಪು ನಿನ್ನದೇ, ಅದನ್ನು ತೋರಿಸಲು ನಾವು ಸಿದ್ಧ. ಬರೆದುಕೊಳ್ಳುವವರು ಆ ಉತ್ತರವನ್ನು, ತಪ್ಪಿಗೆ 'ಕಲ್', ಸಿದ್ಧಕ್ಕೆ 'ಪ್ರಿಟ್' ಎಂದು ಮೊಟಕು ಮಾಡಿದರು. ಫ್ರೆಂಚ್ ಹೋಯಿತು, ಮೊಟಕು ಉಳಿಯಿತು. ಅದು ಮೊದಲು ಕೈದಿಯನ್ನು ಕರೆಯುವ ಮಾತಾಯಿತು, ಆಮೇಲೆ ತಪ್ಪು ಮಾಡಿದವನ ಹೆಸರೇ ಆಯಿತು. ಬಲ್ಲವರು ಹೀಗೆ ಹೇಳುತ್ತಾರೆ."

"ಗುಮಾಸ್ತ ತಾನು ಸಿದ್ಧ ಎಂದು ಆಡಿದ ಮಾತು ಎದುರು ನಿಂತವನಿಗೆ ಅಂಟಿಕೊಂಡದ್ದು ಹೇಗೆ?"

"ಪದದ ಬೇರು ಕೇಳಿದೆ, ಕೊಟ್ಟೆ. ಈಗ ಮಣ್ಣನ್ನೂ ಕೇಳುತ್ತೀಯ. ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಕುಂಬಾರಗೇರಿ. ಕೇರಿಗೆಲ್ಲ ಒಂದೇ ಆವಿಗೆ. ಎಲ್ಲ ಮನೆಗಳ ಹಸಿ ಗಡಿಗೆಗಳನ್ನು ಅದರಲ್ಲಿ ಒಟ್ಟಿಗೆ ಪೇರಿಸಿ ಸುಡುತ್ತಿದ್ದರು. ಬೆಂಕಿ ನೋಡಿಕೊಳ್ಳುವ ಪಾಳಿ ಮನೆಯಿಂದ ಮನೆಗೆ ಬರುತ್ತಿತ್ತು. ಗಡಿಗೆಗಳು ವಿಪರೀತ ಒಡೆದರೆ ಕೇರಿಯ ಯಜಮಾನ ಪಾಳಿಯವನನ್ನು ಕರೆದು ಕೇಳುತ್ತಿದ್ದ. ಹೌದು, ಬೆಂಕಿ ಹೆಚ್ಚಾಯಿತು ಎಂದು ಒಪ್ಪಿಕೊಂಡವನು ದಂಡವಾಗಿ ಎಲ್ಲರ ಮಣ್ಣು ತುಳಿದುಕೊಟ್ಟರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ ಯಜಮಾನ ಆವಿಗೆಯ ಬಾಯಿಂದ ಮಸಿ ತೆಗೆದು ಅವನ ಬಾಗಿಲ ಚೌಕಟ್ಟಿಗೆ ಒಂದು ಗೆರೆ ಎಳೆದು, "ತಪ್ಪು ನಿಂದ ಐತಿ, ತೋರಸಾಕ ನಾವು ತಯಾರದೀವಿ" ಎನ್ನುತ್ತಿದ್ದ.

ಗೆರೆ ಇದ್ದದ್ದು ಅವನ ಬಾಗಿಲಲ್ಲಿ, ಹೊಣೆ ಇದ್ದದ್ದು ಯಜಮಾನನ ತಲೆಯ ಮೇಲೆ. ಮುಂದಿನ ಸಲ ಅದೇ ಹೊಂಡದ ಮಣ್ಣು, ಅದೇ ಕಟ್ಟಿಗೆ ತರಿಸಿ ಯಜಮಾನ ತಾನೇ ಬೆಂಕಿಯ ಮುಂದೆ ಕೂರಬೇಕು. ಗಡಿಗೆಗಳು ಚೆನ್ನಾಗಿ ಬಂದರೆ ತಪ್ಪು ಪಾಳಿಯವನದು. ಮತ್ತೆ ಒಡೆದರೆ ತಪ್ಪು ಮಣ್ಣಿನದೋ ಕಟ್ಟಿಗೆಯದೋ ಎಂದು ತಿಳಿದು, ಯಜಮಾನ ತನ್ನ ಕೈಯಾರೆ ಮಸಿ ತೊಳೆಯಬೇಕು. ಅಲ್ಲಿಯವರೆಗೆ ಆ ಮನೆಯ ಗಡಿಗೆಗಳಿಗೆ ಆವಿಗೆಯ ನಡುವಿನ ಒಳ್ಳೆಯ ಜಾಗ ಕೊಡುತ್ತಿದ್ದರು, ಏಕೆಂದರೆ ತೋರಿಸುತ್ತೇವೆ ಎಂಬ ಮಾತು ಬಾಕಿ ಉಳಿದದ್ದು ಕೇರಿಯ ಕಡೆಯಿಂದ. ಹಳಬರೆಲ್ಲ ಬುದ್ಧಿವಂತರು ಎನ್ನುವವನು ನಾನಲ್ಲ. ಈ ಪದ್ಧತಿ ಮಾತ್ರ ನನಗೆ ಹಿಡಿಸುತ್ತದೆ.

ಒಬ್ಬ ಕುಂಬಾರನ ಪಾಳಿಯಲ್ಲಿ ಗಡಿಗೆಗಳು ಅರ್ಧಕ್ಕರ್ಧ ಸೀಳಿದವು. ತಪ್ಪು ತನ್ನದಲ್ಲ ಎಂದು ಅವನು ಹೇಳಿದ. ಯಜಮಾನ ಗೆರೆ ಎಳೆದ, ಆಡಬೇಕಾದ ಮಾತನ್ನೂ ಆಡಿದ. ಆದರೆ ಮುಂದಿನ ಸಲ ಯಜಮಾನನ ಮನೆಯಲ್ಲಿ ಮದುವೆ. ಅದರ ಮುಂದಿನ ಸಲ ಅವನಿಗೆ ಸೊಂಟನೋವು. ಅಷ್ಟರಲ್ಲಿ ಆ ಹೊಂಡದ ಮಣ್ಣೇ ಮುಗಿಯಿತು. ಗೆರೆ ಎಳೆಯುವುದು ಒಂದು ಬೆರಳಿನ ಕೆಲಸ, ಬೆಂಕಿಯ ಮುಂದೆ ಕೂರುವುದು ಯಾರಿಗೆ ಬೇಕು?

ಗೆರೆ ಹಾಗೇ ಉಳಿಯಿತು. ಮಕ್ಕಳು ಅದನ್ನು ಮಸಿ ಮನೆ ಎಂದರು. ಹೆಂಗಸರು ನೀರು ಸೇದುವಲ್ಲಿ ಅವನ ಹೆಂಡತಿಯನ್ನು ಮಸಿ ಮನೆಯಾಕೆ ಎಂದರು. ಯಾರೂ ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಗುರುತಿಗೆ ಅಂದರು. ಆಮೇಲೆ ಕೇರಿಗೆ ಸೊಸೆಯರಾಗಿ ಬಂದವರಿಗೆ ಹಳೆಯ ಸಂಗತಿ ಗೊತ್ತಿರಲಿಲ್ಲ. ಮಸಿ ಹಚ್ಚಿದ್ದಾರೆ ಎಂದ ಮೇಲೆ ಏನೋ ಮಾಡಿರಲೇಬೇಕು ಎಂದು ಅವರು ತಿಳಿದರು. ಗೊತ್ತಿದ್ದ ಹಳಬರು ತಿದ್ದಲು ಹೋಗಲಿಲ್ಲ. ಕೇಳಿ ಕೇಳಿ ಅವರೂ ಅದನ್ನೇ ನಂಬಿದರು. ನಡುವೆ ಇರುತ್ತಿದ್ದ ಅವನ ಗಡಿಗೆಗಳು ಆವಿಗೆಯ ಅಂಚಿಗೆ ಬಂದವು. ಒಂದು ವರ್ಷ ಅಂಚಿನಲ್ಲೂ ಜಾಗವಿಲ್ಲ ಎಂದರು.

ಆ ಬೇಸಿಗೆ ಅವನ ಅಂಗಳದ ಚಪ್ಪರದ ಕೆಳಗೆ ಹಸಿ ಗಡಿಗೆಗಳು ತುಂಬಿ ನಿಂತವು. ಸುಡದ ಗಡಿಗೆಯನ್ನು ಯಾರೂ ಕೊಳ್ಳುವುದಿಲ್ಲ, ನೀರು ಬಿದ್ದರೆ ಅದು ಮಣ್ಣು. ಆ ಮನೆಯ ವರ್ಷದ ಅನ್ನವೆಲ್ಲ ಅಲ್ಲಿತ್ತು, ಮಳೆಗಾಲ ಹತ್ತಿರವಿತ್ತು.

"ನಾವ ತೊಳದ ಬಿಡೂಣು," ಎಂದಳು ಹೆಂಡತಿ.

"ನಾವು ತೊಳದ್ರ ಮುಚ್ಚಾಕ ತೊಳದ್ರು ಅಂತಾರ," ಎಂದ ಕುಂಬಾರ.

ಅವನು ಯಜಮಾನನ ಕಟ್ಟೆಯ ಮುಂದೆ ಹೋಗಿ ನಿಂತ. "ಯಜಮಾನ್ರ, ತೋರಸ್ತೀವಿ ಅಂದಿದ್ರಿ. ಈಗರ ತೋರಸ್ರಿ."

"ತೋರಸೂದು ಏನೈತೋ? ಮಸಿ ನಿನ್ನ ಬಾಗಲದಾಗ ಕಾಣಸಾಕತ್ತೈತಲ್ಲ," ಎಂದ ಯಜಮಾನ.

ಸುತ್ತ ಕೂತವರು ಹೌದು ಎಂದು ತಲೆಯಾಡಿಸಿದರು. ಯಜಮಾನ ಕುಹಕದಿಂದ ಹೇಳಲಿಲ್ಲ. ತಾನು ಆಡಿದ್ದು ಸತ್ಯ ಎಂದೇ ಅವನು ನಂಬಿದ್ದ. ಅವನು ಸುಳ್ಳುಗಾರನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆ ವಾರವೇ ಮೊದಲ ಮಳೆ ಗಾಳಿಯನ್ನು ಕಟ್ಟಿಕೊಂಡು ಬಂತು. ಚಪ್ಪರ ಹಾರಿಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. ಗಂಡ ಹೆಂಡತಿ ಕೈಗೆ ಸಿಕ್ಕಷ್ಟನ್ನು ಒಳಗೆ ಸಾಗಿಸಿದರು. ಕೈಯಲ್ಲಿ ಹಿಡಿದವೂ ಹಿಡಿದಲ್ಲೇ ಕುಸಿದವು. ಮಳೆ ನಿಂತಾಗ ಅಂಗಳದಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಹೆಂಡತಿ ಆ ಕೆಸರಿನಲ್ಲಿ ಕೂತು ಅತ್ತಳು.

ಅವರು ಗಡಿಗೆ ತಿರುಗಿಸುವ ತಿಗರಿಯನ್ನು ಗಾಡಿಗೆ ಹೇರಿಕೊಂಡು ಕೇರಿ ಬಿಟ್ಟರು. ಗಾಡಿ ಕಣ್ಮರೆಯಾಗುವವರೆಗೆ ಜನ ನೋಡುತ್ತಾ ನಿಂತರು. ತಪ್ಪು ಮಾಡಿದವನು ಕೊನೆಗೂ ಓಡಿಹೋದ ಎಂದರು. ಆ ದಿನದಿಂದ ಕೇರಿಯಲ್ಲಿ ಅದರ ಬಗ್ಗೆ ಯಾರಿಗೂ ಸಂಶಯ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಕುಂಬಾರನ ಬಗ್ಗೆ ಕನಿಕರವಾಗಿತ್ತು. ಆದರೂ ಕೋರ್ಟಿನಲ್ಲಿ ಪಳಗಿದ ಮನಸ್ಸು ಸುಮ್ಮನಿರಲಿಲ್ಲ.

"ಗುರುಗಳೇ, ಅಷ್ಟು ವರ್ಷ ಇದ್ದನಲ್ಲ. ತಾನು ತಪ್ಪು ಮಾಡಿಲ್ಲ ಎಂಬುದಕ್ಕೆ ಅವನಾದರೂ ಏನಾದರೊಂದು ತಂದು ತೋರಿಸಬಹುದಿತ್ತಲ್ಲವೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ತೋರಿಸುತ್ತೇವೆ ಎಂದವರು ಯಾರು, ನೀನು ಕೇಳುತ್ತಿರುವುದು ಯಾರನ್ನು?"