ಬಿಷಪ್ ನುಡಿದ ಎರಡು ಸಾಕ್ಷಿ

“ಗುರುಗಳೇ, ಹೆದರಿಕೆಯಿಂದ ಮಾಡಿದ್ದೂ ಒಮ್ಮೊಮ್ಮೆ ಒಳ್ಳೆಯದೇ ಆಗುತ್ತದೆ. ಹಾಗಿದ್ದರೆ ಹೆದರಿಕೆಯನ್ನು ದೂರುವುದೇಕೆ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಹೇಳಿದರು:

ಇಂಗ್ಲೆಂಡನ್ನು ಎಲಿಜಬೆತ್ ರಾಣಿ ಆಳುತ್ತಿದ್ದ ಕಾಲ. ಅಲ್ಲಿನ ಒಂದು ವಿದ್ಯಾಪೀಠದಲ್ಲಿ ತರ್ಕಶಾಸ್ತ್ರ ಕಲಿಸುವ ಪಂಡಿತನೊಬ್ಬನಿದ್ದ. ವಾದದಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಆದರೆ ಬಲು ಅಂಜುಬುರುಕ. ಮತದ ಕಾರಣಕ್ಕೆ ಒಬ್ಬನನ್ನು ಸಂತೆಬೀದಿಯಲ್ಲಿ ಜೀವಂತ ಸುಟ್ಟದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದ. ಅಂದಿನಿಂದ ಅರಮನೆ ಯಾವ ಮತವನ್ನು ಒಪ್ಪಿತೋ ಅದನ್ನೇ ಒಪ್ಪಿದ. ಅವನೊಂದಿಗೆ ಒಂದೇ ಕೋಣೆಯಲ್ಲಿದ್ದು ಓದಿದ ಗೆಳೆಯ ಮಾತ್ರ ಅರಮನೆ ತೊರೆದ ಹಳೆಯ ಮತವನ್ನು ಬಿಡದೆ, ಕಡಲು ದಾಟಿ ಹೋಗಿ ಪಾದ್ರಿಯಾದ. ಪಂಡಿತ ಅಲ್ಲಿಯೇ ಉಳಿದು ಅರಮನೆಯ ಮತದ ಬಿಷಪ್ಪನಾದ.

ಹಳೆಯ ಮತದ ಪಾದ್ರಿ ದೇಶದೊಳಗೆ ಕಾಲಿಟ್ಟರೆ ಗಲ್ಲು ಎಂದು ಕಾನೂನು ಬಂತು. ಒಂದು ದಿನ ಅಧಿಕಾರಿಯೊಬ್ಬ, ವ್ಯಾಪಾರಿಯ ವೇಷದಲ್ಲಿದ್ದ ಒಬ್ಬನನ್ನು ಪಾದ್ರಿಯೆಂಬ ಅನುಮಾನದಿಂದ ಹಿಡಿದು ತಂದು ಬಿಷಪ್ಪನ ಮುಂದೆ ನಿಲ್ಲಿಸಿದ.

“ಇವನನ್ನು ಬಲ್ಲಿರಾ?”

ಬಿಷಪ್ ನೋಡಿದ. ಅದೇ ಗೆಳೆಯ. ಬಲ್ಲೆ ಎಂದರೆ ತನ್ನ ಮೇಲೂ ಅನುಮಾನ ಬಂದೀತೆಂದು ಹೆದರಿದ. “ಅರಿಯೆ” ಎಂದ. ಬೇರೆ ಸಾಕ್ಷಿ ಇರಲಿಲ್ಲ. ಗೆಳೆಯನನ್ನು ಬಿಟ್ಟುಬಿಟ್ಟರು. ತನಗಾಗಿ ಬಿಷಪ್ ಪ್ರಾಣವನ್ನೇ ಒತ್ತೆ ಇಟ್ಟನೆಂದು ನಂಬಿ ಅವನು ಕಣ್ತುಂಬಿಕೊಂಡು ಹೋದ.

ಆಮೇಲೆ ಬಿಷಪ್ಪನಿಗೆ ನೆಮ್ಮದಿ ಇರಲಿಲ್ಲ. ಯಾರಾದರೂ ಬಾಗಿಲು ಬಡಿದರೆ ಬೆವರುತ್ತಿದ್ದ. ಬಂದ ಪತ್ರವನ್ನು ಒಡೆಯದೆ ಮೂಲೆಗಿಡುತ್ತಿದ್ದ.

ಆರು ತಿಂಗಳಿಗೆ ಅದೇ ಅಧಿಕಾರಿ ಇನ್ನೊಬ್ಬನನ್ನು ಎಳೆದು ತಂದ. “ಹೋದ ಸಲ ಅರಿಯೆ ಎಂದಿರಿ. ಅವನು ನಿಮ್ಮ ಸಹಪಾಠಿಯೇ ಎಂದು ಜನ ಆಡಿಕೊಳ್ಳುತ್ತಿದ್ದಾರೆ. ಇವನನ್ನಾದರೂ ಬಲ್ಲಿರಾ?”

ಬಂದವನು ಒಬ್ಬ ನೇಕಾರ. ಬಿಷಪ್ ಅವನನ್ನು ಎಂದೂ ಕಂಡಿರಲಿಲ್ಲ.

“ಬಲ್ಲೆ. ಇವನು ಪಾದ್ರಿ.”

“ಒಡೆಯಾ, ನನ್ನ ಮುಖವನ್ನು ಸರಿಯಾಗಿ ನೋಡಿ! ನಾನು ಮಗ್ಗದವನು, ಮಕ್ಕಳೊಂದಿಗ!” ಎಂದು ನೇಕಾರ ಕೂಗಿಕೊಂಡ.

ಬಿಷಪ್ ತಲೆ ಎತ್ತಲಿಲ್ಲ. ಮರುವಾರ ನೇಕಾರನನ್ನು ಗಲ್ಲಿಗೇರಿಸಿದರು.

ಗುರುಗಳು ಕಥೆಯನ್ನು ಅಲ್ಲಿಗೆ ಮುಗಿಸಿದರು. ಚೆನ್ನವೀರನಿಗೆ ತಡೆಯಲಾಗಲಿಲ್ಲ. “ಗೆಳೆಯನನ್ನು ಉಳಿಸಿದವನು ಆರೇ ತಿಂಗಳಲ್ಲಿ ಇಷ್ಟು ಕೆಟ್ಟುಹೋದನೇ?” ಎಂದ.

“ಇಲ್ಲಪ್ಪಾ, ಅವನು ಮೊದಲ ದಿನ ಇದ್ದ ಹಾಗೆಯೇ ಇದ್ದ.”